ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಎಂದು ಪಾರ್ಸರ್‌ಗೆ ಹೇಳುವ ಮೊದಲು

ವೆಬ್ ಪುಟದಿಂದ ಶೀರ್ಷಿಕೆಯನ್ನಷ್ಟೇ ಎತ್ತಿಕೊಳ್ಳುವ ಚಿಕ್ಕ ಕೋಡ್ ಒಂದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದೆ. ಟೈಟಲ್ ಟ್ಯಾಗನ್ನು ಕೆಲವರು ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಕೆಲವರು ಸಣ್ಣಕ್ಷರದಲ್ಲಿ. ಅದಕ್ಕೆ ಇಡೀ ಪುಟವನ್ನು ಸಣ್ಣಕ್ಷರಕ್ಕೆ ಇಳಿಸಿ ಒಂದು ನಕಲು ಮಾಡಿಕೊಂಡೆ. ಆ ನಕಲಿನಲ್ಲಿ ಟ್ಯಾಗ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹುಡುಕಿ, ಅದೇ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಹಿಡಿದು ಮೂಲ ಪುಟದಿಂದ ಶೀರ್ಷಿಕೆ ಕತ್ತರಿಸಿಕೊಂಡೆ. ಕನ್ನಡ ಪುಟ, ಇಂಗ್ಲಿಷ್ ಪುಟ, ಹಿಂದಿ ಪುಟ ಎಲ್ಲವೂ ಸರಿಯಾಗಿ ಬಂದವು. ಆಮೇಲೆ ಟರ್ಕಿಯ ಒಂದು ಪುಟ ಬಂತು. ಅದರ ಶೀರ್ಷಿಕೆ ಬರೀ ‘ಇಸ್ತಾಂಬುಲ್’. ನನ್ನ ಕೋಡ್ ಅದನ್ನು ಎತ್ತಿಕೊಟ್ಟಾಗ ಕೊನೆಯಲ್ಲಿ ಒಂದು ಲೆಸ್-ದ್ಯಾನ್ ಚಿಹ್ನೆಯೂ ಅಂಟಿಕೊಂಡು ಬಂದಿತ್ತು.

ಏನಾಯಿತು ನೋಡಿ. ಟರ್ಕಿಷ್ ಲಿಪಿಯಲ್ಲಿ ಈ ಊರಿನ ಹೆಸರಿಗೆ 8 ಅಕ್ಷರ. ಮೊದಲನೆಯದು ತಲೆಯ ಮೇಲೆ ಚುಕ್ಕಿ ಇರುವ ದೊಡ್ಡ ಐ, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 0130. ಇದನ್ನು ಸಣ್ಣಕ್ಷರಕ್ಕೆ ಇಳಿಸಿದರೆ ಒಂದು ಅಕ್ಷರ ಬರುವುದಿಲ್ಲ, ಎರಡು ಕೋಡ್ ಪಾಯಿಂಟ್ (ಅಂಥ ಸಂಖ್ಯೆ) ಬರುತ್ತವೆ: ಮಾಮೂಲಿ ಸಣ್ಣ ಐ, ಜೊತೆಗೆ ಮೇಲೆ ಕೂರುವ ಚುಕ್ಕಿ ಬೇರೆಯಾಗಿ. ಹಾಗಾಗಿ ನಕಲಿನಲ್ಲಿ ಹೆಸರಿನ ಉದ್ದ 9. ಟೈಟಲ್ ಟ್ಯಾಗ್‌ನ ಶುರುವನ್ನು ಸೊನ್ನೆ ಎಂದು ಎಣಿಸಿದರೆ, ಮುಚ್ಚುವ ಟ್ಯಾಗ್ ನಕಲಿನಲ್ಲಿ 16ನೇ ಸ್ಥಾನದಲ್ಲಿತ್ತು, ಮೂಲದಲ್ಲಿ 15ರಲ್ಲಿ. ಒಂದು ಹೆಜ್ಜೆ ಜಾಸ್ತಿ ಕತ್ತರಿಸಿದ್ದಕ್ಕೆ ಆ ಚಿಹ್ನೆ ಸೇರಿಕೊಂಡಿತು. ಇಂಥ ಅಕ್ಷರ ಹತ್ತು ಇದ್ದಿದ್ದರೆ ಟ್ಯಾಗ್ ಪೂರ್ತಿಯಾಗಿ ಒಳಗೆ ಬರುತ್ತಿತ್ತು.

ನಮ್ಮಲ್ಲಿ ಯೂನಿಕೋಡ್ ಪರೀಕ್ಷೆ ಎಂದರೆ ಒಂದೆರಡು ಕನ್ನಡ ವಾಕ್ಯ ಹಾಕಿ ನೋಡುವುದು, ಅಲ್ವಾ? ಈ ತಪ್ಪು ಅದರಲ್ಲಿ ಎಂದೂ ಸಿಗುವುದಿಲ್ಲ. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರ ಎನ್ನುವುದೇ ಇಲ್ಲ. ಇಳಿಸಿದರೂ ಏರಿಸಿದರೂ ಅಕ್ಷರ ಹಾಗೇ ಇರುತ್ತದೆ. ಕನ್ನಡದಲ್ಲಿ ಪಾಸಾದ ಕೋಡ್ ಎಲ್ಲ ಭಾಷೆಗೂ ಸರಿ ಎಂದುಕೊಂಡರೆ ಮೋಸ ಹೋಗುತ್ತೇವೆ. ಅದಕ್ಕೇ ಈ ಮಾರ್ಗದರ್ಶಿ. ಪಾರ್ಸರ್ (ಪಠ್ಯವನ್ನು ಓದಿ ಭಾಗ ಬಿಡಿಸುವ ಕೋಡ್), ಕಾನ್ಫಿಗ್ ಅಂದರೆ ಸೆಟ್ಟಿಂಗ್ ಫೈಲ್ ಓದುವ ಕೋಡ್, ಲಾಗಿನ್ ಹೆಸರು ಹೋಲಿಸುವ ಕೋಡ್, ಯಾವುದನ್ನು ಬರೆಯುತ್ತಿದ್ದರೂ ಈ ಹೆಜ್ಜೆಗಳನ್ನು ಒಂದೊಂದಾಗಿ ಹಾಕಿಕೊಂಡು ಹೋಗಿ.

ಹೆಜ್ಜೆ 1: ಇದು ವ್ಯಾಕರಣದ ಪದವೋ, ಜನರ ಪದವೋ?

ಕೋಡ್ ಮುಟ್ಟುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ಎಚ್‌ಟಿಎಂಎಲ್ ಟ್ಯಾಗ್‌ನ ಹೆಸರು, ಎಚ್‌ಟಿಟಿಪಿ ಹೆಡರ್‌ನ ಹೆಸರು, ಎಸ್‌ಕ್ಯೂಎಲ್‌ನ ಸೆಲೆಕ್ಟ್, ಇನ್‌ಸರ್ಟ್, ಕಾನ್ಫಿಗ್ ಫೈಲ್‌ನ ಟ್ರೂ, ಫಾಲ್ಸ್ ಇವು ವ್ಯಾಕರಣದ ಪದಗಳು. ಭಾಷೆ ಕಟ್ಟಿದವರು ಮೊದಲೇ ಇಷ್ಟು ಎಂದು ಪಟ್ಟಿ ಮಾಡಿಟ್ಟಿದ್ದಾರೆ. ಎಲ್ಲವೂ ಆಸ್ಕಿ ಅಕ್ಷರಗಳು, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಮಾಮೂಲಿ ಚಿಹ್ನೆಗಳಷ್ಟೇ ಇರುವ ಹಳೆಯ ಪಟ್ಟಿಯವು. ಇಲ್ಲಿ ದೊಡ್ಡದು ಸಣ್ಣದು ಒಂದೇ ಎಂದರೆ ಇಂಗ್ಲಿಷ್‌ನ 26 ಅಕ್ಷರಗಳಿಗೆ ಮಾತ್ರ ಆ ಮಾತು ಸಲ್ಲಬೇಕು. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ನಿಯಮಗಳು ಬಿಡಿಸಿ ಹೇಳುವುದೂ ಇದನ್ನೇ: ಹೋಲಿಕೆ ಆಸ್ಕಿ ಮಟ್ಟದ್ದು. ಡಿಎನ್‌ಎಸ್ ಹೆಸರುಗಳಿಗೂ (ವೆಬ್‌ಸೈಟ್ ವಿಳಾಸಗಳಿಗೂ) ಇದೇ ನಿಯಮ.

ಊರಿನ ಹೆಸರು, ಜನರ ಹೆಸರು, ಹುಡುಕಾಟದ ಪೆಟ್ಟಿಗೆಯಲ್ಲಿ ಬರೆದ ಪದ, ಪೋಸ್ಟ್‌ಗೆ ಜನ ಹಾಕುವ ಟ್ಯಾಗ್, ಲಾಗಿನ್ ಐಡಿ ಇವು ಜನರ ಪದಗಳು. ಇಲ್ಲಿ ಜರ್ಮನ್ ಬರಬಹುದು, ಗ್ರೀಕ್ ಬರಬಹುದು, ಕನ್ನಡವೂ ಬರಬಹುದು. ಇವಕ್ಕೆ ಯೂನಿಕೋಡ್ ಹೇಳುವ ಪೂರ್ತಿ ಕೇಸ್ ಫೋಲ್ಡಿಂಗ್ (ಹೋಲಿಸಲೆಂದು ದೊಡ್ಡ, ಸಣ್ಣ ರೂಪಗಳನ್ನು ಒಂದೇ ರೂಪಕ್ಕೆ ತರುವುದು) ಬೇಕು.

ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡಕ್ಕೂ ಸಣ್ಣಕ್ಷರಕ್ಕೆ ಇಳಿಸುವ ಒಂದೇ ಲೋಯರ್ ಫಂಕ್ಷನ್ ಕರೆದದ್ದರಿಂದ ಬಂದವು.

ಹೆಜ್ಜೆ 2: ವ್ಯಾಕರಣದ ಪದಕ್ಕೆ ಆಸ್ಕಿ ಹೋಲಿಕೆ ಮಾತ್ರ

ಯೂನಿಕೋಡ್ ತಿಳಿದ ಹೋಲಿಕೆ ಇದ್ದರೆ ಒಳ್ಳೆಯದೇ ಅಲ್ವಾ ಎಂದು ಅನ್ನಿಸಬಹುದು. ವ್ಯಾಕರಣದ ಪದಕ್ಕೆ ಅದು ಒಳ್ಳೆಯದಲ್ಲ. ಯೂನಿಕೋಡ್‌ನಲ್ಲಿ ಆಸ್ಕಿಯ ಹೊರಗಿದ್ದೂ ಆಸ್ಕಿ ಅಕ್ಷರಕ್ಕೆ ಸಮ ಎನಿಸಿಕೊಳ್ಳುವ ಕೆಲವು ಅಕ್ಷರಗಳಿವೆ. ಕೆಲ್ವಿನ್ ಚಿಹ್ನೆ (ಸಂಖ್ಯೆ 212ಎ) ಕಣ್ಣಿಗೆ ದೊಡ್ಡ ಕೆ ಥರವೇ ಇರುತ್ತದೆ, ಇಳಿಸಿದರೆ ಮಾಮೂಲಿ ಸಣ್ಣ ಕೆ ಆಗುತ್ತದೆ. ಹಳೆಯ ಮುದ್ರಣದ ಉದ್ದ ಎಸ್ (ಸಂಖ್ಯೆ 017ಎಫ್) ಏರಿಸಿದರೆ ಮಾಮೂಲಿ ದೊಡ್ಡ ಎಸ್ ಆಗುತ್ತದೆ. ಇವುಗಳ ಜೊತೆಗೆ ಟರ್ಕಿಯ ಎರಡು ಐ.

ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಇದನ್ನು ತನ್ನ ಕೈಪಿಡಿಯಲ್ಲೇ ಬರೆದುಕೊಂಡಿದೆ. ಎ ಇಂದ ಝಡ್ ವರೆಗೆ ಎಂಬ ಗುಂಪಿಗೆ ಇಗ್ನೋರ್‌ಕೇಸ್ ಸೇರಿಸಿದರೆ ಅದು 52 ಆಸ್ಕಿ ಅಕ್ಷರಗಳ ಜೊತೆಗೆ ಇನ್ನೂ 4 ಅಕ್ಷರಗಳಿಗೆ ಹೊಂದುತ್ತದೆ. ಆ ನಾಲ್ಕು ಮೇಲೆ ಹೇಳಿದವೇ. ಆಸ್ಕಿ ಫ್ಲ್ಯಾಗ್ ಕೂಡ ಕೊಟ್ಟರೆ ಮಾತ್ರ ಅವು ಹೊರಗುಳಿಯುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಐ ಮತ್ತು ಯು ಫ್ಲ್ಯಾಗ್ ಎರಡನ್ನೂ ಹಾಕಿದರೆ ಕೆಲ್ವಿನ್ ಚಿಹ್ನೆಯೂ ಉದ್ದ ಎಸ್ ಕೂಡ ಮಾಮೂಲಿ ಪದದ ಅಕ್ಷರ ಎನಿಸಿಕೊಳ್ಳುತ್ತವೆ.

ಇದರಿಂದ ಏನು ಕೆಟ್ಟೀತು? ಒಂದು ಫಿಲ್ಟರ್ ಇದೆ ಎಂದುಕೊಳ್ಳಿ. ಬಂದ ಪಠ್ಯವನ್ನು ಸಣ್ಣಕ್ಷರಕ್ಕೆ ಇಳಿಸಿ, ಅದರಲ್ಲಿ ಸ್ಕ್ರಿಪ್ಟ್ ಟ್ಯಾಗ್ ಇದೆಯೇ ಎಂದು ನೋಡುತ್ತದೆ. ಯಾರೋ ಆ ಪದದ ಮೊದಲ ಅಕ್ಷರವಾಗಿ ಉದ್ದ ಎಸ್ ಹಾಕಿ ಕಳಿಸುತ್ತಾರೆ. ಉದ್ದ ಎಸ್ ಈಗಾಗಲೇ ಸಣ್ಣಕ್ಷರ, ಇಳಿಸಿದರೂ ಬದಲಾಗುವುದಿಲ್ಲ. ಫಿಲ್ಟರ್ ಬಿಟ್ಟುಬಿಡುತ್ತದೆ. ಮುಂದೆ ಟೆಂಪ್ಲೇಟ್‌ನಲ್ಲಿ ಯಾರೋ ಶೀರ್ಷಿಕೆ ಚೆನ್ನಾಗಿ ಕಾಣಲಿ ಎಂದು ಎಲ್ಲವನ್ನೂ ದೊಡ್ಡಕ್ಷರ ಮಾಡುತ್ತಾರೆ. ಈಗ ಅದು ನಿಜವಾದ ಸ್ಕ್ರಿಪ್ಟ್ ಟ್ಯಾಗ್.

ಹೆಸರು-ಮೌಲ್ಯ ಜೋಡಿಗಳಾಗಿ ಡೇಟಾ ಬರೆಯುವ ಜೇಸನ್ ಓದಲು ಗೋ ಭಾಷೆಯಲ್ಲಿರುವ ಮೂಲ ಲೈಬ್ರರಿಯದು ಇನ್ನೊಂದು ಬಗೆ. ಅದು ಕೀ ಹೆಸರುಗಳನ್ನು ದೊಡ್ಡದು ಸಣ್ಣದು ನೋಡದೆ ಹೊಂದಿಸುತ್ತದೆ, ಉದ್ದ ಎಸ್ ಮತ್ತು ಕೆಲ್ವಿನ್ ಚಿಹ್ನೆ ಕೂಡ ಒಳಗೆ ಬರುತ್ತವೆ. ಮುಂದೆ ನಿಂತ ಬೇರೆ ಭಾಷೆಯ ಗೇಟ್‌ವೇ ‘ಯೂಸರ್’ ಎಂಬ ಕೀಯನ್ನು, ಉದ್ದ ಎಸ್ ಹಾಕಿ ಬರೆದ ‘ಯೂಸರ್’ ಕೀಯನ್ನು ಎರಡು ಬೇರೆ ಹೆಸರು ಎಂದು ನೋಡಿದರೆ, ಹಿಂದಿನ ಗೋ ಕೋಡ್‌ಗೆ ಎರಡೂ ಒಂದೇ. ಕೊನೆಗೆ ಬಂದದ್ದು ಗೆಲ್ಲುತ್ತದೆ. ಗೇಟ್‌ವೇ ಪರೀಕ್ಷೆ ಮಾಡಿದ್ದು ಒಬ್ಬರ ಹೆಸರು, ಒಳಗೆ ಹೋದದ್ದು ಇನ್ನೊಬ್ಬರದು.

ಆದ್ದರಿಂದ ರಸ್ಟ್‌ನಲ್ಲಿ ‘ಇಗ್ನೋರ್ ಆಸ್ಕಿ ಕೇಸ್’ ಎಂದು ಹೆಸರಿರುವ ಹೋಲಿಕೆಯನ್ನೇ ಬಳಸಿ. ಪೈಥಾನ್‌ನಲ್ಲಿ ಬೈಟ್ಸ್ ಮೇಲೆ ಲೋಯರ್ ಕರೆದರೆ ಅದು ಆಸ್ಕಿಯನ್ನು ಮಾತ್ರ ಮುಟ್ಟುತ್ತದೆ. ಅಂಥದ್ದು ಇಲ್ಲದ ಕಡೆ ನೀವೇ ಬರೆದುಕೊಳ್ಳಿ, ನಾಲ್ಕು ಸಾಲಿನ ಕೆಲಸ: ಅಕ್ಷರದ ಸಂಖ್ಯೆ 65ರಿಂದ 90ರ ನಡುವೆ ಇದ್ದರೆ 32 ಕೂಡಿಸಿ, ಇಲ್ಲದಿದ್ದರೆ ಹಾಗೇ ಬಿಡಿ.

ಆ 65–90 ತಪಾಸಣೆಯನ್ನು ಮಾತ್ರ ಬಿಡಬೇಡಿ. ವೇಗ ಹೆಚ್ಚಲಿ ಎಂದು ಕೆಲವರು ಸುಮ್ನೆ ಎಲ್ಲ ಬೈಟ್‌ಗೂ 32ರ ಬಿಟ್ ಹಾಕಿಬಿಡುತ್ತಾರೆ. ಆಗ 91ರ ಸ್ಕ್ವೇರ್ ಬ್ರ್ಯಾಕೆಟ್ 123 ಆಗುತ್ತದೆ, ಅಂದರೆ ಕರ್ಲಿ ಬ್ರ್ಯಾಕೆಟ್. ಈಮೇಲ್‌ನ ಅಟ್ ಚಿಹ್ನೆ 64, ಅದು 96 ಆಗಿ ಬ್ಯಾಕ್‌ಟಿಕ್ ಆಗುತ್ತದೆ. ಎರಡು ಬಗೆಯ ಬ್ರ್ಯಾಕೆಟ್ ಒಂದೇ ಎಂದು ನಂಬಿದ ಪಾರ್ಸರ್ ಏನೆಲ್ಲ ಓದೀತು ಎಂದು ನೀವೇ ಊಹಿಸಿ.

ಹೆಜ್ಜೆ 3: ಲೊಕೇಲ್ ಅನ್ನು ಬಾಗಿಲಲ್ಲೇ ನಿಲ್ಲಿಸಿ

ಟರ್ಕಿಷ್‌ನಲ್ಲಿ ಐ ಎರಡು ಜೊತೆ. ಚುಕ್ಕಿ ಇರುವ ಸಣ್ಣದಕ್ಕೆ ಚುಕ್ಕಿ ಇರುವ ದೊಡ್ಡದು, ಚುಕ್ಕಿ ಇಲ್ಲದ ಸಣ್ಣದಕ್ಕೆ ಚುಕ್ಕಿ ಇಲ್ಲದ ದೊಡ್ಡದು. ಅಜರ್ಬೈಜಾನಿಯಲ್ಲೂ ಹೀಗೇ. ಅವರ ಭಾಷೆಗೆ ಇದು ಅಚ್ಚುಕಟ್ಟಾದ ನಿಯಮ. ತೊಂದರೆ ನಮ್ಮ ಕೋಡ್‌ನದು.

ಜಾವಾದಲ್ಲಿ ಏನನ್ನೂ ಕೊಡದೆ ಲೋಯರ್‌ಕೇಸ್ ಕರೆದರೆ ಅದು ಯಂತ್ರದ ಲೊಕೇಲ್ (ಭಾಷೆ ಮತ್ತು ದೇಶದ ಸೆಟ್ಟಿಂಗ್) ನೋಡಿ ನಡೆಯುತ್ತದೆ. ಸಿ ಶಾರ್ಪ್‌ನ ಟು-ಲೋಯರ್ ಕೂಡ ಹಾಗೇ. ಟರ್ಕಿಷ್‌ಗೆ ಹೊಂದಿಸಿದ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಎಸ್‌ಕ್ಯೂಎಲ್ ಪಾರ್ಸರ್ ಓಡಿತು ಎಂದುಕೊಳ್ಳಿ. ದೊಡ್ಡಕ್ಷರದ ಸೆಲೆಕ್ಟ್, ಫ್ರಮ್, ವೇರ್, ಆರ್ಡರ್ ಎಲ್ಲವೂ ಸರಿಯಾಗಿ ಓದುತ್ತವೆ, ಯಾಕೆಂದರೆ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಇವುಗಳಲ್ಲಿ ಐ ಇಲ್ಲ. ಲಿಮಿಟ್, ಇನ್‌ಸರ್ಟ್, ಜಾಯಿನ್, ಯೂನಿಯನ್, ಡಿಸ್ಟಿಂಕ್ಟ್ ಬಂದ ಕೂಡಲೇ ಗುರುತು ಸಿಗದ ಪದ ಎಂದು ಬೀಳುತ್ತದೆ. ಒಳಗಿನ ಐ ಚುಕ್ಕಿ ಇಲ್ಲದ್ದಾಗಿ ಇಳಿದಿರುತ್ತದೆ. ಪರದೆಯ ಮೇಲೆ ದೋಷದ ಸಂದೇಶ ನೋಡಿದರೆ ಪದ ಸರಿಯಾಗಿಯೇ ಇದ್ದಂತೆ ಕಾಣುತ್ತದೆ, ಆ ಒಂದು ಚುಕ್ಕಿ ಕಣ್ಣಿಗೆ ಬೀಳುವುದಿಲ್ಲ. ಕೆಲವು ಪದ ಓಡಿ ಕೆಲವು ಓಡದಿದ್ದರೆ, ಓಡದ ಪದಗಳಲ್ಲೆಲ್ಲ ಐ ಇದೆಯೇ ಎಂದು ಮೊದಲು ನೋಡಿ.

ಪರಿಹಾರ ಸುಲಭ. ಜಾವಾದಲ್ಲಿ ಲೊಕೇಲ್ ರೂಟ್ ಕೊಡಿ. ಸಿ ಶಾರ್ಪ್‌ನಲ್ಲಿ ಆರ್ಡಿನಲ್ ಇಗ್ನೋರ್‌ಕೇಸ್ ಹೋಲಿಕೆ ಬಳಸಿ. ಕೋಟ್ಲಿನ್ 1.5ರಲ್ಲಿ ಹಳೆಯ ಫಂಕ್ಷನ್ ಬದಲಿಗೆ ಲೊಕೇಲ್ ನೋಡದ ಲೋಯರ್‌ಕೇಸ್ ತಂದರು. ಪಿಎಚ್‌ಪಿ 8.2ರಿಂದ ಅದರ ಸ್ಟ್ರಿಂಗ್ ಇಳಿಸುವ, ಏರಿಸುವ ಫಂಕ್ಷನ್‌ಗಳು ಲೊಕೇಲ್ ನೋಡುವುದನ್ನು ಬಿಟ್ಟಿವೆ. ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರಿನೊಳಗೆ ಲೊಕೇಲ್ ಎಂದಿರುವ ಫಂಕ್ಷನ್ ಮುಟ್ಟದಿದ್ದರೆ ಸಾಕು.

ಜಾವಾದ ಈಕ್ವಲ್ಸ್-ಇಗ್ನೋರ್‌ಕೇಸ್ ಲೊಕೇಲ್ ನೋಡುವುದಿಲ್ಲ, ಹಾಗಾಗಿ ಅದು ಸುರಕ್ಷಿತ ಎಂದು ಹಲವರು ಹೇಳುತ್ತಾರೆ. ಆದರೆ ಅದು ಒಂದೊಂದೇ ಅಕ್ಷರವನ್ನು ಮೊದಲು ಏರಿಸಿ, ಆಮೇಲೆ ಇಳಿಸಿ ನೋಡುತ್ತದೆ. ಪರಿಣಾಮವಾಗಿ ಟರ್ಕಿಯ ನಾಲ್ಕೂ ಐ ಅದಕ್ಕೆ ಒಂದೇ, ಕೆಲ್ವಿನ್ ಚಿಹ್ನೆಯೂ ಕೆ. ವ್ಯಾಕರಣದ ಪದಕ್ಕೆ ಇದು ಸಡಿಲ ಹೋಲಿಕೆಯೇ. ಎರಡನೇ ಹೆಜ್ಜೆಯ ನಾಲ್ಕು ಸಾಲೇ ವಾಸಿ.

ಹೆಜ್ಜೆ 4: ನಕಲಿನಲ್ಲಿ ಸಿಕ್ಕ ಇಂಡೆಕ್ಸನ್ನು ಮೂಲಕ್ಕೆ ಹಾಕಬೇಡಿ

ನನ್ನ ಶೀರ್ಷಿಕೆಯ ಕೋಡ್ ಕೆಟ್ಟದ್ದು ಇಲ್ಲೇ. ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಬೈಟ್‌ಗಳಲ್ಲಿ ಕೆಲಸ ಮಾಡುವ ಭಾಷೆಗಳಲ್ಲಿ ಇದು ಇನ್ನೂ ಜೋರು. ಕೆಲ್ವಿನ್ ಚಿಹ್ನೆ 3 ಬೈಟ್, ಇಳಿಸಿದರೆ 1. ಮೈಯ ಮೇಲೆ ಅಡ್ಡಗೆರೆ ಎಳೆದ ದೊಡ್ಡ ಎ (ಸಂಖ್ಯೆ 023ಎ) 2 ಬೈಟ್, ಅದರ ಸಣ್ಣಕ್ಷರ 3 ಬೈಟ್. ಅಂದರೆ ನಕಲು ಕುಗ್ಗಲೂಬಹುದು, ಹಿಗ್ಗಲೂಬಹುದು. ಗೋ ಕೋಡ್‌ನಲ್ಲಿ ಈ ಎ ಅಕ್ಷರವನ್ನು ಸಾಲಾಗಿ ಹತ್ತಿಪ್ಪತ್ತು ಸಲ ಹಾಕಿ, ಕೊನೆಯಲ್ಲಿ ಟ್ಯಾಗ್ ಇಟ್ಟರೆ ನಕಲಿನಲ್ಲಿ ಸಿಗುವ ಇಂಡೆಕ್ಸ್ ಮೂಲದ ಉದ್ದವನ್ನೇ ದಾಟಿಬಿಡುತ್ತದೆ. ಪ್ರೋಗ್ರಾಂ ಪ್ಯಾನಿಕ್ ಆಗಿ ನಿಲ್ಲುತ್ತದೆ. ರಸ್ಟ್‌ನಲ್ಲಿ ಅಕ್ಷರದ ನಟ್ಟನಡುವೆ ಕತ್ತರಿ ಬಿದ್ದರೂ ಸಾಕು, ಪ್ಯಾನಿಕ್. ಹೊರಗಿನವರು ಕಳಿಸಿದ ಒಂದು ಸಾಲು ಪಠ್ಯ ನಿಮ್ಮ ಸರ್ವರ್ ಬೀಳಿಸಬಹುದು ಎಂದಾಯಿತು.

ಏನು ಮಾಡಬೇಕು? ಹುಡುಕುವ ಪದ ಆಸ್ಕಿ ಆಗಿದ್ದರೆ ನಕಲೇ ಬೇಡ. ಮೂಲ ಪಠ್ಯದ ಮೇಲೆಯೇ ನಡೆಯುತ್ತಾ, ಪ್ರತಿ ಸ್ಥಾನದಲ್ಲೂ ಆಸ್ಕಿ ಹೋಲಿಕೆ ಮಾಡಿ. ಯುಟಿಎಫ್-8ರಲ್ಲಿ ಆಸ್ಕಿ ಬೈಟ್‌ಗಳು ಬೇರೆ ಅಕ್ಷರದ ಹೊಟ್ಟೆಯೊಳಗೆ ಎಂದೂ ಬರುವುದಿಲ್ಲ, ಆದ್ದರಿಂದ ಬೈಟ್ ಬೈಟ್ ಆಗಿ ಹೋದರೂ ತಪ್ಪಿಲ್ಲ. ನಕಲು ಬೇಕೇ ಬೇಕು ಎಂದರೆ ಆಸ್ಕಿಯನ್ನು ಮಾತ್ರ ಇಳಿಸಿದ ನಕಲು ಮಾಡಿ. ಅದರ ಉದ್ದ ಬದಲಾಗುವುದಿಲ್ಲ. ನನ್ನ ಕೋಡ್ ಸರಿಯಾದದ್ದು ಈ ಒಂದು ಬದಲಾವಣೆಯಿಂದ.

ಹುಡುಕುವುದು ಜನರ ಪದವಾಗಿದ್ದರೆ ಕೆಲಸ ಜಾಸ್ತಿ. ಫೋಲ್ಡ್ ಮಾಡುವಾಗ ಹೊಸ ಪಠ್ಯದ ಪ್ರತಿ ಸ್ಥಾನವೂ ಮೂಲದ ಯಾವ ಸ್ಥಾನದಿಂದ ಬಂತು ಎಂದು ಒಂದು ಪಟ್ಟಿ ಇಟ್ಟುಕೊಳ್ಳಿ. ಹುಡುಕಾಟ ಫೋಲ್ಡ್ ಮಾಡಿದ್ದರಲ್ಲಿ, ಕತ್ತರಿ ಆ ಪಟ್ಟಿಯ ಮೂಲಕ ಮೂಲದಲ್ಲಿ.

ಹೆಜ್ಜೆ 5: ಜನರ ಪದಕ್ಕೆ ಲೋಯರ್ ಸಾಲದು, ಫೋಲ್ಡ್ ಮಾಡಿ

ಲೋಯರ್ ಇರುವುದು ತೋರಿಸಲಿಕ್ಕೆ. ಹೋಲಿಸಲಿಕ್ಕೆ ಇರುವುದು ಕೇಸ್ ಫೋಲ್ಡಿಂಗ್. ಜರ್ಮನ್‌ನ ಷಾರ್ಪ್-ಎಸ್ ಅಕ್ಷರ ಏರಿಸಿದರೆ ಎರಡು ದೊಡ್ಡ ಎಸ್ ಆಗುತ್ತದೆ. ಆ ಎರಡನ್ನು ಮತ್ತೆ ಇಳಿಸಿದರೆ ಎರಡು ಸಣ್ಣ ಎಸ್ ಸಿಗುತ್ತದೆಯೇ ಹೊರತು ಷಾರ್ಪ್-ಎಸ್ ವಾಪಸ್ ಬರುವುದಿಲ್ಲ. ಅದರ ದೊಡ್ಡಕ್ಷರ ಯೂನಿಕೋಡ್‌ಗೆ ಸೇರಿದ್ದು 2008ರಲ್ಲಿ, ಜರ್ಮನ್ ಬರವಣಿಗೆಯ ನಿಯಮಗಳಿಗೆ ಬಂದದ್ದು 2017ರಲ್ಲಿ. ಗ್ರೀಕ್‌ನ ಸಿಗ್ಮಾಗೆ ಸಣ್ಣಕ್ಷರ ಎರಡು, ಪದದ ಕೊನೆಯಲ್ಲಿ ಒಂದು ರೂಪ, ಮಿಕ್ಕ ಕಡೆ ಇನ್ನೊಂದು. ಪೂರ್ತಿ ಪದ ಇಳಿಸಿದಾಗ ಒಂದು ಬರುತ್ತದೆ, ಅರ್ಧ ಟೈಪ್ ಮಾಡಿ ಹುಡುಕಿದಾಗ ಇನ್ನೊಂದು. ಫೋಲ್ಡ್ ಮಾಡಿದರೆ ಎರಡೂ ಒಂದಾಗುತ್ತವೆ.

ಫೋಲ್ಡ್ ಎಂದರೆ ಯಾವಾಗಲೂ ಇಳಿಸುವುದು ಎಂದೂ ತಿಳಿಯಬೇಡಿ. ಅಮೆರಿಕದ ಚೆರೋಕಿ ಲಿಪಿಗೆ ಸಣ್ಣಕ್ಷರ ಸೇರಿದ್ದು 2015ರಲ್ಲಿ, ಯೂನಿಕೋಡ್ 8.0ರಲ್ಲಿ. ಹಳೆಯ ಡೇಟಾ ಕೆಡಬಾರದು ಎಂದು ಅದು ಮೇಲ್ಮುಖವಾಗಿ, ದೊಡ್ಡಕ್ಷರಕ್ಕೇ ಫೋಲ್ಡ್ ಆಗುತ್ತದೆ. ಪೈಥಾನ್‌ನಲ್ಲಿ 3.3ರಿಂದ ಕೇಸ್‌ಫೋಲ್ಡ್ ಇದೆ. ಇಲ್ಲದ ಭಾಷೆಗಳಲ್ಲಿ ಯೂನಿಕೋಡ್ ಕೆಲಸಗಳಿಗೆಂದೇ ಇರುವ ಐಸಿಯು ಲೈಬ್ರರಿ ಹಿಡಿಯಿರಿ.

ಹೆಜ್ಜೆ 6: ನಾರ್ಮಲೈಸೇಶನ್, ಇಲ್ಲಿ ಕನ್ನಡವೂ ಬರುತ್ತದೆ

ಕನ್ನಡಕ್ಕೆ ಕೇಸ್ ಇಲ್ಲ ಎಂದೆ. ಆದರೆ ಒಂದೇ ಅಕ್ಷರವನ್ನು ಬೇರೆ ಬೇರೆ ಕೋಡ್ ಪಾಯಿಂಟ್‌ಗಳಲ್ಲಿ ಬರೆಯುವ ತೊಂದರೆ ನಮಗೂ ಇದೆ. ‘ಕೋ’ ತೆಗೆದುಕೊಳ್ಳಿ. ಕ ಮತ್ತು ಓ ಸ್ವರಚಿಹ್ನೆ ಎಂದು ಎರಡು ಕೋಡ್ ಪಾಯಿಂಟ್ ಆಗಿರಬಹುದು. ಕ, ಒ ಸ್ವರಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ಆಗಿರಬಹುದು. ಒ ಚಿಹ್ನೆಯನ್ನೂ ಒಡೆದರೆ ಕ, ಎ ಚಿಹ್ನೆ, ಊ ಚಿಹ್ನೆ, ದೀರ್ಘ ಎಂದು ನಾಲ್ಕು. ಯೂನಿಕೋಡ್ ಪ್ರಕಾರ ಮೂರೂ ಸಮ. ಬೈಟ್ ಹೋಲಿಸಿದರೆ ಮೂರೂ ಬೇರೆ. ಸಮವಾದ ರೂಪಗಳನ್ನು ಒಂದೇ ರೂಪಕ್ಕೆ ತರುವುದೇ ನಾರ್ಮಲೈಸೇಶನ್. ಅದರಲ್ಲಿ ಎನ್‌ಎಫ್‌ಸಿ ಎಂಬ ಬಗೆ ಮಾಡಿದರೆ ಎಲ್ಲವೂ ಎರಡು ಕೋಡ್ ಪಾಯಿಂಟ್‌ನ ಮೊದಲ ರೂಪಕ್ಕೆ ಬರುತ್ತವೆ.

ಫೋಲ್ಡಿಂಗ್ ಆದ ಮೇಲೆ ಪಠ್ಯ ಮತ್ತೆ ನಾರ್ಮಲ್ ರೂಪ ಬಿಟ್ಟಿರಬಹುದು. ಅದಕ್ಕೆ ಕ್ರಮ ಹೀಗಿರಲಿ: ನಾರ್ಮಲೈಸ್, ಫೋಲ್ಡ್, ಮತ್ತೆ ನಾರ್ಮಲೈಸ್.

ಇನ್ನೊಂದು ನಮ್ಮದೇ ಸಂಗತಿ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಮತ್ತು ವ ಒತ್ತಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ, ಝೀರೋ ವಿಡ್ತ್ ನಾನ್-ಜಾಯಿನರ್, ಸಂಖ್ಯೆ 200ಸಿ. ನಾರ್ಮಲೈಸ್, ಫೋಲ್ಡ್ ಎರಡನ್ನೂ ಸೇರಿಸಿ ಮಾಡುವ ಎನ್‌ಎಫ್‌ಕೆಸಿ ಕೇಸ್‌ಫೋಲ್ಡ್ ಎಂಬ ರೂಪ ಈ ಗುರುತನ್ನು ತೆಗೆದುಹಾಕುತ್ತದೆ. ಹುಡುಕಾಟಕ್ಕೆ ಅದು ಒಳ್ಳೆಯದೇ, ಗುರುತು ಹಾಕಿದವರಿಗೂ ಹಾಕದವರಿಗೂ ಪದ ಸಿಗುತ್ತದೆ. ಆದರೆ ಆ ರೂಪವನ್ನೇ ಪರದೆಯ ಮೇಲೆ ತೋರಿಸಿದರೆ ‘ಸಾಫ್ಟ್ವೇರ್’ ಎಂದು ಒತ್ತಕ್ಷರ ಬಿದ್ದು ಓದುಗರಿಗೆ ಕಿರಿಕಿರಿ. ಫೋಲ್ಡ್ ಮಾಡಿದ್ದನ್ನು ಹೋಲಿಕೆಯ ಕೀ ಆಗಿ ಮಾತ್ರ ಇಟ್ಟುಕೊಳ್ಳಿ, ಜನ ಬರೆದದ್ದನ್ನು ಅವರು ಬರೆದ ಹಾಗೇ ಉಳಿಸಿ.

ಇದೇ ಗುರುತು 2014ರ ಡಿಸೆಂಬರ್‌ನಲ್ಲಿ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಒಂದು ದೊಡ್ಡ ಭದ್ರತಾ ದೋಷದಲ್ಲಿ ಕಾಣಿಸಿಕೊಂಡಿತು. ಗಿಟ್ ತನ್ನ ಸೆಟ್ಟಿಂಗ್ ಇಡುವ ಡಾಟ್-ಗಿಟ್ ಎಂಬ ಫೋಲ್ಡರ್ ಹೆಸರಿನ ಅಕ್ಷರಗಳ ನಡುವೆ ಇದನ್ನು ತೂರಿಸಿದರೆ ಗಿಟ್‌ಗೆ ಅದು ಬೇರೆ ಹೆಸರು, ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂಗೆ ಅದೇ ಹೆಸರು. ದೊಡ್ಡಕ್ಷರ ಬೆರೆಸಿ ಬರೆದರೆ ವಿಂಡೋಸ್‌ನಲ್ಲೂ ಹೀಗೇ ಆಗುತ್ತಿತ್ತು. ಹೀಗೆ ಬೇರೆಯವರ ರೆಪೊಸಿಟರಿ ತಂದುಕೊಂಡವರ ಗಿಟ್ ಕಾನ್ಫಿಗ್ ಫೈಲನ್ನೇ ಬದಲಿಸಲು ದಾರಿ ಸಿಗುತ್ತಿತ್ತು.

ಹೆಜ್ಜೆ 7: ಎಲ್ಲ ಪದರಕ್ಕೂ ಒಂದೇ ಫಂಕ್ಷನ್

ಗಿಟ್ ಒಂದು ಹೇಳಿತು, ಫೈಲ್ ಸಿಸ್ಟಂ ಇನ್ನೊಂದು ಹೇಳಿತು. ಡೇಟಾಬೇಸ್‌ನಲ್ಲೂ ಇದೇ ಕಥೆ. ಮೈಎಸ್‌ಕ್ಯೂಎಲ್‌ನ ಜನರಲ್-ಸಿಐ ಕೊಲೇಶನ್‌ನಲ್ಲಿ (ಅಕ್ಷರ ಹೋಲಿಸುವ ನಿಯಮದಲ್ಲಿ) ಷಾರ್ಪ್-ಎಸ್ ಒಂದು ಎಸ್‌ಗೆ ಸಮ, ಯೂನಿಕೋಡ್-ಸಿಐನಲ್ಲಿ ಎರಡು ಎಸ್‌ಗೆ ಸಮ.

2019ರ ಡಿಸೆಂಬರ್‌ನಲ್ಲಿ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ಸರಿಪಡಿಸಿದ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಈಮೇಲ್ ಕೊಟ್ಟರೆ, ದೊಡ್ಡದು ಸಣ್ಣದು ನೋಡದೆ ಖಾತೆ ಹುಡುಕಿ, ಜನ ಟೈಪ್ ಮಾಡಿದ ವಿಳಾಸಕ್ಕೇ ಲಿಂಕ್ ಕಳಿಸುತ್ತಿತ್ತು. ಚುಕ್ಕಿ ಇಲ್ಲದ ಐ ಹಾಕಿದ ವಿಳಾಸ ಏರಿಸಿ ಹೋಲಿಸಿದಾಗ ಬೇರೆಯವರ ವಿಳಾಸಕ್ಕೆ ಸಮ ಎನಿಸಿಕೊಳ್ಳಬಹುದಿತ್ತು. ಆ ವಿಳಾಸ ಕಳ್ಳರ ಕೈಯಲ್ಲಿದ್ದರೆ ಖಾತೆ ಹೋಯಿತು. ಎರಡು ತಿದ್ದುಪಡಿ ಮಾಡಿದರು: ಕೋಡ್‌ನಲ್ಲಿ ಎನ್‌ಎಫ್‌ಕೆಸಿ ಮತ್ತು ಕೇಸ್‌ಫೋಲ್ಡ್ ಮಾಡಿ ಮತ್ತೊಮ್ಮೆ ಹೋಲಿಸುವುದು, ಲಿಂಕನ್ನು ಡೇಟಾಬೇಸ್‌ನಲ್ಲಿರುವ ವಿಳಾಸಕ್ಕೆ ಮಾತ್ರ ಕಳಿಸುವುದು. ಎರಡನೆಯದನ್ನು ಎಲ್ಲರೂ ಇವತ್ತೇ ತಮ್ಮ ಕೋಡ್‌ನಲ್ಲಿ ನೋಡಿಕೊಳ್ಳಬೇಕು.

ನಿಮ್ಮ ಫೋಲ್ಡ್ ಫಂಕ್ಷನ್ ಎರಡು ಸಲ ಓಡಿಸಿದರೂ ಒಂದು ಸಲ ಓಡಿಸಿದ ಫಲವನ್ನೇ ಕೊಡಬೇಕು. 2013ರಲ್ಲಿ ಹಾಡು ಕೇಳಿಸುವ ಸೇವೆ ಸ್ಪಾಟಿಫೈ ಎದುರಿಸಿದ್ದು ಇದು ತಪ್ಪಿದಾಗಿನ ತೊಂದರೆಯನ್ನೇ. ಸಾಲಿನ ಮೇಲ್ಭಾಗದಲ್ಲಿ ಬರೆಯುವ ಚಿಕ್ಕ ದೊಡ್ಡಕ್ಷರಗಳಲ್ಲಿ ‘ಬಿಗ್‌ಬರ್ಡ್’ ಎಂದು ಹೆಸರಿಟ್ಟರೆ, ಮೊದಲ ಸಲ ಫೋಲ್ಡ್ ಮಾಡಿದಾಗ ಮಾಮೂಲಿ ದೊಡ್ಡಕ್ಷರದ ಬಿಗ್‌ಬರ್ಡ್, ಎರಡನೇ ಸಲ ಸಣ್ಣಕ್ಷರದ್ದು. ಸಣ್ಣಕ್ಷರದ ಹೆಸರು ಬೇರೆಯವರ ಖಾತೆ. ಪಾಸ್‌ವರ್ಡ್ ಬದಲಿಸುವ ದಾರಿಯಲ್ಲಿ ಹೆಸರು ಎರಡನೇ ಸಲ ಫೋಲ್ಡ್ ಆಗಿ, ಅವರ ಖಾತೆಯೇ ಕೈಗೆ ಬರುತ್ತಿತ್ತು.

ಹೆಜ್ಜೆ 8: ಪರೀಕ್ಷೆಗೆ ಇವಿಷ್ಟನ್ನು ಸೇರಿಸಿ

ಚುಕ್ಕಿ ಇರುವ ದೊಡ್ಡ ಐ, ಚುಕ್ಕಿ ಇಲ್ಲದ ಸಣ್ಣ ಐ, ಕೆಲ್ವಿನ್ ಚಿಹ್ನೆ, ಉದ್ದ ಎಸ್, ಷಾರ್ಪ್-ಎಸ್, ಪದದ ಕೊನೆಯ ಸಿಗ್ಮಾ, ಅಡ್ಡಗೆರೆಯ ಎ, ಒಡೆದು ಬರೆದ ‘ಕೋ’, ಗುರುತು ಇರುವ ಮತ್ತು ಇಲ್ಲದ ‘ಸಾಫ್ಟ್‌ವೇರ್’. ಇವನ್ನು ಒಂದು ಫೈಲ್‌ನಲ್ಲಿ ಕೋಡ್ ಪಾಯಿಂಟ್ ಸಂಖ್ಯೆಯಾಗಿಯೇ ಬರೆದಿಡಿ. ಅಕ್ಷರವಾಗಿ ಅಂಟಿಸಿದರೆ ನಡುವೆ ಯಾವುದೋ ಎಡಿಟರ್ ಸದ್ದಿಲ್ಲದೆ ನಾರ್ಮಲೈಸ್ ಮಾಡಿಬಿಡಬಹುದು. ಪ್ರತಿಯೊಂದನ್ನೂ ಕೀವರ್ಡ್‌ನ (ವ್ಯಾಕರಣದ ಪದದ) ಒಳಗೆ, ಕೀವರ್ಡ್‌ಗಿಂತ ಮೊದಲು, ಜನರ ಪದದ ಒಳಗೆ, ಮೂರೂ ಕಡೆ ಹಾಕಿ ಓಡಿಸಿ. ಕೀವರ್ಡ್‌ನ ಒಳಗಿದ್ದರೆ ಪಾರ್ಸರ್ ಅದನ್ನು ಕೀವರ್ಡ್ ಎಂದು ಒಪ್ಪಬಾರದು. ಮೊದಲಿದ್ದರೆ ಕತ್ತರಿ ಒಂದು ಬೈಟ್ ಕೂಡ ಜರುಗಬಾರದು.

ಜಾವಾ ಆಗಿದ್ದರೆ ಶುರುವಿನ ಆಯ್ಕೆಯಲ್ಲೇ ಯೂಸರ್ ಲ್ಯಾಂಗ್ವೇಜ್ ಟರ್ಕಿಷ್ ಎಂದು ಕೊಟ್ಟು ಎಲ್ಲ ಟೆಸ್ಟ್ ಇನ್ನೊಂದು ಸಲ ಓಡಿಸಿ. ನನ್ನ ಶೀರ್ಷಿಕೆಯ ಕೋಡ್‌ಗೆ ಈಗ ಮೊದಲ ಟೆಸ್ಟ್ ‘ಇಸ್ತಾಂಬುಲ್’, ಟರ್ಕಿಷ್ ಲಿಪಿಯಲ್ಲಿ. ಸರಿಯಾದ ಉತ್ತರದ ಉದ್ದ 8.